ಒಂದು ಚುಕ್ಕೆಯ ಪ್ಯಾಕೆಟ್

ನಮ್ಮ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಲೈನ್ ಒಂದು ಗಂಟೆ ನಿಂತರೆ ನಾಲ್ಕು ಸಾವಿರದ ಇನ್ನೂರು ಪ್ಯಾಕೆಟ್ ಖೋತಾ. ಅದರ ಬೆಲೆ ನನ್ನ ಎರಡು ತಿಂಗಳ ಸಂಬಳಕ್ಕಿಂತ ಒಂದಿಷ್ಟು ಹೆಚ್ಚು. ಹೊರಟ ಲಾರಿಯನ್ನು ಹಿಂದಕ್ಕೆ ಕರೆಸಿದರೆ ಎರಡು ಸಲದ ಡೀಸೆಲ್, ಡ್ರೈವರನ ಒಂದು ದಿನದ ಕೂಲಿ, ಮೇಲೆ ಅಂಗಡಿಯವರ ಬೈಗುಳ. ಹಿಟ್ಟಿನ ಜರಡಿಯ ಬಲೆ ಹರಿದರೆ ಹೊಸದಕ್ಕೆ ಒಂದು ಜೊತೆ ಒಳ್ಳೆಯ ಚಪ್ಪಲಿಯಷ್ಟು ಖರ್ಚು. ಇನ್ನು ಯಂತ್ರ ಪರೀಕ್ಷೆ ಮಾಡುವ ಕಬ್ಬಿಣದ ಗುಂಡು. ಅದು ಸಾಸಿವೆ ಕಾಳಿನಷ್ಟು, ಬೆಲೆ ಕ್ಯಾಂಟೀನಿನ ನಾಲ್ಕು ಚಹಾ. ಬೆಳಗಿನ ಪಾಳಿಯ ಮೇಲ್ವಿಚಾರಕನಾದ ನನಗೆ ಈ ಲೆಕ್ಕವೆಲ್ಲ ಬಾಯಿಪಾಠ. ನಾಲ್ಕು ಚಹಾದ ವಸ್ತುವಿಗಾಗಿ ಲಾರಿ ವಾಪಸು ಕರೆಸುತ್ತೀಯಾ ಎಂದು ಯಾರಾದರೂ ಮೊದಲು ಕೇಳಿದ್ದರೆ ನಕ್ಕುಬಿಡುತ್ತಿದ್ದೆ.

ಗುಂಡುಗಳನ್ನು ಇಟ್ಟುಕೊಂಡವಳನ್ನು ಎಲ್ಲರೂ ಗುಂಡಕ್ಕ ಎಂದು ಕರೆಯುತ್ತಿದ್ದರು. ಹೆಸರು ಕೇಳಿ ದಪ್ಪನೆಯ ಹೆಂಗಸನ್ನು ಹುಡುಕಿಕೊಂಡು ಬಂದ ಹೊಸಬರು ಪೊರಕೆ ಕಡ್ಡಿಯಂಥ ಆಳನ್ನು ನೋಡಿ ಬೆಪ್ಪಾಗುತ್ತಿದ್ದರು. ಐದು ವರ್ಷದಿಂದ ದಿನಗೂಲಿಯ ಮೇಲಿದ್ದಳು. ಗೇಟಿನಲ್ಲಿ ನಿಂತು ಉಂಗುರ, ಓಲೆ, ಪಿನ್ನು ಕಳಚಿಸುವುದು, ಬೆರಳಿಗೆ ಗಾಯವಾದವರಿಗೆ ನೀಲಿ ಪಟ್ಟಿ ಸುತ್ತುವುದು, ಜರಡಿಯ ಬಲೆಯನ್ನು ಬೆಳಕಿಗೆ ಹಿಡಿದು ನೋಡುವುದು ಅವಳ ಕೆಲಸ. ಪಟ್ಟಿ ನೀಲಿಯೇ ಯಾಕೆ ಎಂದು ಒಬ್ಬಳು ಕೇಳಿದಾಗ, "ನೀಲಿ ಬಿಸ್ಕತ್ತು ಎಲ್ಲಾದ್ರೂ ನೋಡಿದ್ದೀಯೇನೇ? ಬಿದ್ರೆ ಕಣ್ಣಿಗೆ ಹೊಡೀಬೇಕು" ಎಂದಿದ್ದಳು. ಮ್ಯಾನೇಜರು ಒಮ್ಮೆ ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಂಡು ಒಳಗೆ ಬಂದಾಗ ಅವರನ್ನೂ ಬಾಗಿಲಲ್ಲೇ ನಿಲ್ಲಿಸಿದ್ದಳು.

ಅವಳ ಮುಖ್ಯ ಕೆಲಸ ಮಾತ್ರ ಗಂಟೆಗೊಮ್ಮೆ. ಸುತ್ತಿ ಮುಚ್ಚಿದ ಪ್ಯಾಕೆಟ್‌ಗಳು ಬೆಲ್ಟಿನ ಮೇಲೆ ಸಾಲಾಗಿ ಬಂದು ಒಂದು ಚೌಕಟ್ಟಿನೊಳಗೆ ನುಸುಳಿ ಹೋಗುತ್ತವೆ. ಒಳಗೆ ಲೋಹದ ಚೂರಿದ್ದರೆ ಆ ಯಂತ್ರ ಕೂಗುತ್ತದೆ. ಒಂದಿಷ್ಟು ಮುಂದೆ ಒಂದು ಕೈ ಚಾಚಿ ಆ ಪ್ಯಾಕೆಟನ್ನು ಪಕ್ಕದ ಬೀಗ ಹಾಕಿದ ಪೆಟ್ಟಿಗೆಗೆ ತಳ್ಳುತ್ತದೆ. ಯಂತ್ರ ಎಚ್ಚರವಾಗಿದೆಯೋ ತೂಕಡಿಸುತ್ತಿದೆಯೋ ತಿಳಿಯಲು ಗುಂಡಕ್ಕನ ಬಳಿ ಮೂರು ಪ್ಯಾಕೆಟ್ ಇದ್ದವು. ಒಂದರೊಳಗೆ ಕಬ್ಬಿಣದ ಗುಂಡು, ಇನ್ನೊಂದರಲ್ಲಿ ಹಿತ್ತಾಳೆಯದು, ಮೂರನೆಯದರಲ್ಲಿ ಸ್ಟೀಲಿನದು. ಕಳೆದುಹೋಗದಿರಲಿ ಎಂದು ಒಂದೊಂದು ಗುಂಡನ್ನೂ ಉಗುರಿನಗಲದ ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಕೂರಿಸಿದ್ದರು. ನೋಡಲು ಅವು ಉಳಿದ ಪ್ಯಾಕೆಟ್‌ಗಳಂತೆಯೇ. ಅಡಿಯಲ್ಲಿ ಮಾತ್ರ ಕೆಂಪು ಚುಕ್ಕೆ: ಕಬ್ಬಿಣಕ್ಕೆ ಒಂದು, ಹಿತ್ತಾಳೆಗೆ ಎರಡು, ಸ್ಟೀಲಿಗೆ ಮೂರು. ಮೂರನ್ನೂ ಬೆಲ್ಟಿಗೆ ಬಿಡುವುದು, ಯಂತ್ರ ಮೂರು ಸಲ ಕೂಗುವುದು, ಮೂರೂ ಪೆಟ್ಟಿಗೆಗೆ ಬೀಳುವುದು, ಆಮೇಲೆ ಪುಸ್ತಕದಲ್ಲಿ ಸಹಿ. ಒಂದು ತಪ್ಪಿದರೂ ಹಿಂದಿನ ಸರಿಯಾದ ಪರೀಕ್ಷೆಯಿಂದ ಇಲ್ಲಿಯವರೆಗೆ ಬಂದ ಮಾಲನ್ನೆಲ್ಲ ತಡೆಹಿಡಿಯಬೇಕು. ಅದು ನಿಯಮ. ನಾನು ಬಂದ ಹನ್ನೊಂದು ವರ್ಷದಲ್ಲಿ ಯಂತ್ರ ಒಮ್ಮೆಯೂ ತಪ್ಪಿರಲಿಲ್ಲ.

ಆ ಗುರುವಾರ ಬೆಳಿಗ್ಗೆ ಆಗಷ್ಟೇ ಬೆಂದು ಬರುತ್ತಿದ್ದ ಬಿಸ್ಕತ್ತಿನ ಜೊತೆಗೆ ಹಿಂದಿನ ದಿನದ್ದೂ ಟ್ರೇಗಳಲ್ಲಿ ರಾಶಿ ಬಿದ್ದಿತ್ತು. ಹೊರಗೆ ಲಾರಿ. ಡ್ರೈವರು ಐದೈದು ನಿಮಿಷಕ್ಕೆ ಬಂದು ಕಿಟಕಿಯಲ್ಲಿ ಮುಖ ತೋರಿಸುತ್ತಿದ್ದ.

"ಯಜಮಾನ್ರೇ, ನಾನು ಇಲ್ಲೇ ಮನೆ ಮಾಡ್ಲಾ? ಹೆಂಡ್ತೀನ ಕರೆಸ್ಕೊಳ್ತೀನಿ."

"ಬಾಡಿಗೆ ಜಾಸ್ತಿ ಕಣಯ್ಯ ಇಲ್ಲಿ. ಸುಮ್ನೆ ಕೂತ್ಕೋ" ಎಂದೆ.

ಬಾಯಲ್ಲಿ ಹಾಗಂದರೂ ಕೈ ಸುಮ್ಮನಿರಲಿಲ್ಲ. ಒಂಬತ್ತೂವರೆಗೆ ಲೈನಿನ ವೇಗದ ತಿರುಪನ್ನು ನಿಮಿಷಕ್ಕೆ ಎಪ್ಪತ್ತು ಪ್ಯಾಕೆಟ್‌ನಿಂದ ಎಂಬತ್ತಕ್ಕೆ ತಿರುಗಿಸಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನಿದೆ ಎನಿಸಿತು. ಹತ್ತಕ್ಕೆ ಗುಂಡಕ್ಕ ತನ್ನ ತಗಡಿನ ಡಬ್ಬಿ ಹಿಡಿದು ಬಂದಳು.

"ಬೇಗ ಮುಗಿಸಮ್ಮ. ಲಾರಿಯವನು ಸಂಸಾರ ಹೂಡೋ ಮೊದಲು."

"ಎರಡೇ ನಿಮಿಷ ಅಣ್ಣಾ."

ಮೂರು ಪ್ಯಾಕೆಟ್‌ಗಳ ನಡುವೆ ಹತ್ತು ಹತ್ತು ಸಾದಾ ಪ್ಯಾಕೆಟ್ ಬಿಟ್ಟು ಇಡುವುದು ಅವಳ ರೂಢಿ. ನಾನು ತಲೆಯ ಮೇಲೆ ಕೂತಿದ್ದಕ್ಕೆ ಅವತ್ತು ಮೂರನ್ನೂ ಒಂದರ ಹಿಂದೆ ಒಂದರಂತೆ ಇಟ್ಟಳು. ಮೊದಲು ಒಂದು ಚುಕ್ಕೆಯದು, ಆಮೇಲೆ ಎರಡರದು, ಮೂರರದು. ಯಂತ್ರ ಮೂರು ಸಲ ಕೂಗಿತು. ಬೀಗ ತೆಗೆದಳು. ಮೂರು ಪ್ಯಾಕೆಟ್. ಡಬ್ಬಿಗೆ ಹಾಕಿಕೊಂಡು ಸಹಿ ಮಾಡಿ ಹೋದಳು.

ಹತ್ತು ಇಪ್ಪತ್ತಕ್ಕೆ ಯಂತ್ರ ತಾನಾಗಿಯೇ ಒಮ್ಮೆ ಕೂಗಿ ಒಂದು ಪ್ಯಾಕೆಟ್ ತಳ್ಳಿತು. ಗುಂಡಕ್ಕ ಅದನ್ನು ಒಡೆದು ಒಂದೊಂದು ಬಿಸ್ಕತ್ತನ್ನೂ ಪುಡಿ ಮಾಡಿ, ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಬೆರಳಲ್ಲಿ ತಡವಿದಳು. ಏನೂ ಇಲ್ಲ.

"ಯಂತ್ರಕ್ಕೂ ಅರಳು ಮರಳು" ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಸುಮ್ಮಸುಮ್ಮನೆ ಕೂಗುವ ಯಂತ್ರವಲ್ಲ ಅದು ಎಂದು ಗೊಣಗಿ ಪುಸ್ತಕದಲ್ಲಿ ಬರೆದಳು. ಹತ್ತೂವರೆಗೆ ಲಾರಿ ಹೊರಟಿತು.

ಹನ್ನೊಂದಕ್ಕೆ ಪರೀಕ್ಷೆಗೆ ಬಂದವಳು ಡಬ್ಬಿಯ ಮುಚ್ಚಳ ತೆಗೆದು ಹಾಗೇ ನಿಂತುಬಿಟ್ಟಳು. ನಾನೂ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಫಿಟ್ಟರೂ ಹತ್ತಿರ ಹೋದೆವು. ಮೂರು ಪ್ಯಾಕೆಟ್‌ಗಳನ್ನೂ ಬೋರಲು ಹಾಕಿದ್ದಳು. ಒಂದರ ಅಡಿ ಎರಡು ಚುಕ್ಕೆ, ಇನ್ನೊಂದರ ಅಡಿ ಮೂರು. ಮೂರನೆಯದರ ಅಡಿ ಬರಿದು.

"ಇದು ನಂದಲ್ಲ" ಎಂದಳು. "ಇದು ಸಾದಾ ಪ್ಯಾಕೆಟ್ ಅಣ್ಣಾ. ಕಬ್ಬಿಣದ್ದು ಹೋಗಿದೆ."

"ಎಲ್ಲಿಗೆ?"

"ಹೊರಗೆ. ಹತ್ತು ಗಂಟೆಗೆ ಮೂರು ಬಿತ್ತು ಅಂತ ಎಣಿಸ್ದೆ. ತಿರುಗಿಸಿ ನೋಡ್ಲಿಲ್ಲ."

ಉಗುರಗಲದ ಬಿಲ್ಲೆ. ನಮ್ಮದು ಹಾಲಿನಲ್ಲಿ ಅದ್ದಿ ಮಕ್ಕಳಿಗೆ ತಿನ್ನಿಸುವ ಬಿಸ್ಕತ್ತು. ಸಣ್ಣ ಮಗುವಿನ ಗಂಟಲಿಗೆ ಅಳತೆ ತೆಗೆದು ಮಾಡಿದಂತಿತ್ತು ಆ ಬಿಲ್ಲೆ.

"ಬೇಲಿನೇ ಎದ್ದು ಹೊಲ ಮೇಯ್ತಲ್ಲಕ್ಕಾ" ಎಂದ ಫಿಟ್ಟರು. ಹಾಸ್ಯಗಾರ ಅವನು, ಆದರೆ ಆಗ ಅವನ ದನಿ ಸಣ್ಣಗಾಗಿತ್ತು. ಅತ್ತಿತ್ತ ನೋಡಿ ಹತ್ತಿರ ಬಂದ. "ಅಕ್ಕಾ, ನನ್ನ ಡ್ರಾಯರಲ್ಲಿ ಹಳೇ ಬಿಲ್ಲೆ ಒಂದಿದೆ. ಅದೇ ಅಳತೆ. ತಂದುಕೊಡ್ತೀನಿ. ಪ್ಯಾಕೆಟ್ ಕಟ್ಟಿ ಒಂದು ಚುಕ್ಕೆ ಇಟ್ಟುಬಿಡು. ಯಾರಿಗೆ ಗೊತ್ತಾಗುತ್ತೆ?"

ಅವನನ್ನು ಬೈಯಬೇಕಿತ್ತು, ಬೈಯಲಿಲ್ಲ. ಯಾಕೆಂದರೆ ಶನಿವಾರ ಕಾಯಂ ಆಗುವವರ ಪಟ್ಟಿ ಬರುವುದಿತ್ತು. ಅದರಲ್ಲಿ ಗುಂಡಕ್ಕನ ಹೆಸರನ್ನು ಮೊದಲಿಗೆ ಬರೆದು ಕಳಿಸಿದವನು ನಾನೇ. ಪುಸ್ತಕದಲ್ಲಿ ತಪ್ಪು ದಾಖಲಾದರೆ ಆರು ತಿಂಗಳು ಹೆಸರು ಹಿಂದಕ್ಕೆ. ಕಾಯಂ ಆದರೆ ಮನೆಯವರಿಗೆಲ್ಲ ಕಂಪನಿಯ ಆಸ್ಪತ್ರೆ ಕಾರ್ಡು. ಅವಳ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆ ಅಜ್ಜಿ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುತ್ತಾರೆ, ಗೋಡೆಯ ಸುಣ್ಣವೆಲ್ಲ ಸೊಂಟದೆತ್ತರಕ್ಕೆ ಸವೆದು ಗೆರೆ ಬಿದ್ದಿದೆ ಎಂದು ಅವಳೇ ಹೇಳಿದ್ದಳು. ಅತ್ತೆ ಸೊಸೆ ಇಬ್ಬರಿಗೂ ದಿನಾ ಜಗಳ. ಆದರೂ ಈ ಕಾರ್ಡಿನ ಆಸೆ ಅವಳಿಗೆ ಅತ್ತೆಗೋಸ್ಕರವೇ ಇತ್ತು. "ಕಣ್ಣು ಬಂದ್ರೆ ನನ್ನ ತಪ್ಪೆಲ್ಲ ಚೆನ್ನಾಗಿ ಕಾಣುತ್ತೆ ಅವ್ರಿಗೆ. ಇರ್ಲಿ, ನೋಡ್ಲಿ" ಎನ್ನುತ್ತಿದ್ದಳು.

ಗುಂಡಕ್ಕ ಫಿಟ್ಟರನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ.

"ಗುಂಡು ಸಿಗುತ್ತೆ ಕಣಪ್ಪ. ಪ್ಯಾಕೆಟ್ ಸಿಗಬೇಕಲ್ಲ?"

ಹಾಗೆಂದು ನನ್ನ ಒಪ್ಪಿಗೆಗೂ ಕಾಯದೆ ಗೋಡೆಯ ಕೆಂಪು ಗುಂಡಿಯನ್ನು ಅಂಗೈಯಿಂದ ಒತ್ತಿದಳು. ಅಪಾಯ ಕಂಡರೆ ಯಾರು ಬೇಕಾದರೂ ಒತ್ತಬಹುದು ಎಂದು ಅದರ ಮೇಲೇ ಬರೆದಿದೆ. ಒತ್ತಿದವರನ್ನು ನಾನು ನೋಡಿದ್ದು ಅವತ್ತೇ ಮೊದಲು. ಇಡೀ ಲೈನ್ ನರಳಿ ನಿಂತಿತು. ಪ್ಯಾಕೆಟ್‌ಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಪ್ಯಾಕಿಂಗ್ ಮಾಡುವ ಹೆಂಗಸರು ಕೈಯಲ್ಲಿ ಪೆಟ್ಟಿಗೆ ಹಿಡಿದಂತೆಯೇ ತಿರುಗಿ ನೋಡಿದರು. ಅಷ್ಟು ನಿಶ್ಶಬ್ದದಲ್ಲಿ ಫಿಟ್ಟರನ ಎಣ್ಣೆ ಡಬ್ಬಿಯಿಂದ ತೊಟ್ಟಿಕ್ಕುವುದೂ ಕೇಳುತ್ತಿತ್ತು.

ನಾನಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದೆ. ಅವಳು ಕೂರಲಿಲ್ಲ. ನಿಂತ ಬೆಲ್ಟಿನ ಮೇಲೆ ಮೂರು ಪ್ಯಾಕೆಟ್ ಸಾಲಾಗಿ ಇಟ್ಟು, ಅದರ ಹಿಂದೆ ನಾಲ್ಕನೆಯದೊಂದು ಇಟ್ಟು, ಮಕ್ಕಳಿಗೆ ಲೆಕ್ಕ ಹೇಳಿಕೊಡುವಂತೆ ಬೆರಳಿಟ್ಟು ತೋರಿಸತೊಡಗಿದಳು.

"ಇದು ಕಬ್ಬಿಣ, ಇದು ಹಿತ್ತಾಳೆ, ಇದು ಸ್ಟೀಲು, ಇದು ಸಾದಾ. ಕೂಗು ಮೂರು ಬಂತು. ಬಿದ್ದಿದ್ದು ಹಿತ್ತಾಳೆ, ಸ್ಟೀಲು, ಸಾದಾ. ಅಂದ್ರೆ ಕಬ್ಬಿಣ ಕಂಡಾಗ ಕೈ ಹಿತ್ತಾಳೆನ ತಳ್ಳಿದೆ. ಹಿತ್ತಾಳೆ ಕಂಡಾಗ ಸ್ಟೀಲನ್ನ. ಸ್ಟೀಲು ಕಂಡಾಗ ಅದರ ಹಿಂದಿನ ಪಾಪದ್ದನ್ನ." ತಲೆಯೆತ್ತಿದಳು. "ಯಂತ್ರದ ಕಣ್ಣು ಸರಿ ಇದೆ ಅಣ್ಣಾ. ಕೈ ತಡ ಮಾಡ್ತಿದೆ. ಒಂದು ಪ್ಯಾಕೆಟ್ ತಡ."

ಫಿಟ್ಟರು ಹುಬ್ಬೇರಿಸಿದ. "ಕೈ ಗಡಿಯಾರ ನೋಡಿ ತಳ್ಳೋದು ಅಕ್ಕಾ. ಎಪ್ಪತ್ತರ ವೇಗಕ್ಕೆ ನಾನೇ ಕಟ್ಟಿಟ್ಟಿದ್ದೀನಿ. ಅದು ತಡ ಮಾಡಲ್ಲ. ಬೆಲ್ಟೇ ಬೇಗ ಓಡಿದ್ರೆ ಬೇರೆ ಮಾತು."

ಗುಂಡಕ್ಕ ಲೈನಿನ ತುದಿಗೆ ನಡೆದು ಹೋಗಿ ತಿರುಪು ನೋಡಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ನಾನು ಆಗಲೇ ಟೋಪಿ ಸರಿಮಾಡಿಕೊಳ್ಳುತ್ತಿದ್ದೆ.

"ಎಂಬತ್ತಕ್ಕೆ ಯಾರು ಇಟ್ಟಿದ್ದು?"

ಸುಳ್ಳು ಹೇಳಲು ಒಂದು ಕ್ಷಣ ಸಾಕಿತ್ತು. ರಾತ್ರಿ ಪಾಳಿಯವರು ಎಂದರೆ ಮುಗಿಯುತ್ತಿತ್ತು. ಆದರೆ ತನ್ನ ತಪ್ಪನ್ನು ಹಗಲು ಬೆಳಕಿನಲ್ಲಿ ಬೆಲ್ಟಿನ ಮೇಲೆ ಸಾಲಾಗಿ ಜೋಡಿಸಿಟ್ಟವಳ ಮುಂದೆ ನಿಂತು ಹೇಗೆ ಹೇಳುವುದು?

"ನಾನೇ ಕಣಮ್ಮ. ಒಂಬತ್ತೂವರೆಗೆ."

ಅವಳು ನನ್ನನ್ನು ಬೈಯುತ್ತಾಳೆಂದುಕೊಂಡೆ. ಅವಳ ಯೋಚನೆ ನನ್ನ ಮೇಲಿರಲೇ ಇಲ್ಲ. ಪುಸ್ತಕ ತೆಗೆದು ಹಾಳೆ ತಿರುಗಿಸುತ್ತಿದ್ದಳು. ಒಂದು ಸಾಲಿನ ಮೇಲೆ ಬೆರಳು ನಿಂತಿತು.

"ಹಾಗಾದ್ರೆ ಹತ್ತು ಇಪ್ಪತ್ತಕ್ಕೆ ಕೂಗಿದ್ದು ಸುಳ್ಳಲ್ಲ. ನಾವು ಪುಡಿ ಮಾಡಿ ನೋಡಿದ್ದು ಹಿಂದಿನ ಪ್ಯಾಕೆಟ್ನ. ನಿಜವಾದ್ದು ಮುಂದಕ್ಕೆ ಹೋಯ್ತು."

ಬಿಲ್ಲೆಯಾದರೆ ನಮ್ಮದು, ಏನೆಂದು ಗೊತ್ತಿರುವ ವಸ್ತು. ಈ ಎರಡನೆಯದರೊಳಗೆ ಏನಿದೆಯೋ ಯಾರಿಗೂ ಗೊತ್ತಿರಲಿಲ್ಲ. ಎರಡೂ ಲಾರಿಯಲ್ಲಿದ್ದವು.

ಮ್ಯಾನೇಜರು ಓಡಿ ಬಂದರು. ಮಾತು ಖಾರ, ಮನುಷ್ಯ ಕೆಟ್ಟವರಲ್ಲ. ನಿಂತ ಲೈನ್ ನೋಡಿದ್ದೇ ಅವರ ಮುಖ ಸುಟ್ಟ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತು.

"ಏನ್ರೀ ಇದು? ಸಾಸಿವೆ ಕಾಳಿನಷ್ಟು ಗುಂಡಿಗೆ ಲಾರಿ ವಾಪಸು ಕರೆಸ್ಬೇಕಾ?"

"ಗುಂಡಿಗಲ್ಲ ಸರ್" ಎಂದಳು ಗುಂಡಕ್ಕ. "ಎರಡು ಪ್ಯಾಕೆಟ್‌ಗೆ. ಒಂದನ್ನ ಕಳೆದವಳು ನಾನು. ಎರಡನೇದರಲ್ಲಿ ಏನಿದೆಯೋ ಗೊತ್ತಿಲ್ಲ. ಒಂಬತ್ತು ಗಂಟೆ ಪರೀಕ್ಷೆ ಸರಿ ಬಂದಿತ್ತು, ಅಡಿ ಚುಕ್ಕೆ ನೋಡೇ ಡಬ್ಬಿಗೆ ಹಾಕಿದ್ದೆ. ಅಲ್ಲಿಂದ ಹನ್ನೊಂದರವರೆಗೆ ನೂರ ಐವತ್ತೈದು ಪೆಟ್ಟಿಗೆ. ನೂರ ಐದು ಲಾರಿಲಿದೆ, ಐವತ್ತು ಇಲ್ಲಿದೆ. ಎಲ್ಲ ಬಿಚ್ಚಿ ಇನ್ನೊಂದ್ಸಲ ಯಂತ್ರದೊಳಗೆ ಬಿಡಬೇಕು."

"ನೀನು ಏನು ಹೇಳ್ತಿದ್ದೀಯ ಗೊತ್ತಾ? ಇದನ್ನ ಬರೆದ್ರೆ ಶನಿವಾರ..."

"ಗೊತ್ತು ಸರ್. ಬರೆದಾಗಿದೆ."

ಪುಸ್ತಕ ಮುಂದಿಟ್ಟಳು. ನಿಯಮ ಮುರಿದು ಮೂರನ್ನೂ ಒಟ್ಟಿಗೆ ಬಿಟ್ಟೆ, ಅಡಿ ತಿರುಗಿಸಿ ನೋಡದೆ ಸಹಿ ಹಾಕಿದೆ ಎಂದು ದುಂಡಗೆ ಬರೆದಿದ್ದಳು. ನಾನು ಅವಸರ ಮಾಡಿದ್ದಾಗಲಿ, ತಿರುಪು ತಿರುಗಿಸಿದ್ದಾಗಲಿ ಒಂದಕ್ಷರವೂ ಇರಲಿಲ್ಲ. ಆ ಪೆನ್ನನ್ನು ನಾನು ತೆಗೆದುಕೊಂಡೆ. ನನ್ನದು ನಾಲ್ಕು ಸಾಲಾಯಿತು. ಅವಳ ಅಕ್ಷರದಷ್ಟು ದುಂಡಗಿರಲಿಲ್ಲ.

ಮ್ಯಾನೇಜರು ಎರಡನ್ನೂ ಓದಿದರು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ಇಲ್ಲಿ ಬಿಸ್ಕತ್ತಿಗೆ ಹೋಗೋದ್ರಲ್ಲಿತ್ತು" ಎಂದು ಲಾರಿಯವನಿಗೆ ಫೋನು ಮಾಡಿದರು. ಆ ಕಡೆಯ ಕಿರುಚಾಟ ನಮಗೂ ಕೇಳಿಸಿತು.

"ಅಯ್ಯೋ ಸಾರ್, ಈಗ ತಾನೇ ಊಟಕ್ಕೆ ಕೂತೆ! ಬಿಸ್ಕತ್ತಿಗೇನು ಜ್ವರ ಬಂತಾ?"

"ಊಟ ಮಾಡ್ಕೊಂಡೇ ಬಾ. ಆದ್ರೆ ಒಂದೂ ಪೆಟ್ಟಿಗೆ ಇಳಿಸ್ಬೇಡ. ಯಾರು ಕೇಳಿದ್ರೂ ಕೊಡ್ಬೇಡ."

"ಒಂದು ಪ್ಯಾಕೆಟ್ ನಾನೇ ಬಿಚ್ಚಿದ್ದೀನಲ್ಲ ಸಾರ್..."

ಅದು ಹಿಂದಿನ ವಾರದ್ದೆಂದೂ ಸೀಟಿನ ಕೆಳಗೆ ಬಿದ್ದಿತ್ತೆಂದೂ ಬಾಯಿ ಬಿಡಿಸುವಷ್ಟರಲ್ಲಿ ಮ್ಯಾನೇಜರಿಗೆ ಬೆವರು ಕಿತ್ತುಬಂದಿತ್ತು.

ಫಿಟ್ಟರು ವೇಗವನ್ನು ಎಪ್ಪತ್ತಕ್ಕೆ ಇಳಿಸಿದ. ಗುಂಡಕ್ಕ ಡ್ರಾಯರಿನ ಹಳೇ ಬಿಲ್ಲೆಯನ್ನೇ ಈಗ ಮ್ಯಾನೇಜರ ಎದುರಿಗೆ ಕೇಳಿ ಪಡೆದು, ಹೊಸ ಪ್ಯಾಕೆಟ್ ಕಟ್ಟಿ, ನಡುವೆ ಹತ್ತು ಹತ್ತು ಸಾದಾ ಪ್ಯಾಕೆಟ್ ಬಿಟ್ಟು ಪರೀಕ್ಷೆ ಮಾಡಿದಳು. ಒಂದಲ್ಲ, ಐದು ಸಲ. ಪ್ರತಿ ಸಲವೂ ಅಡಿ ತಿರುಗಿಸಿ ಚುಕ್ಕೆಯನ್ನು ಗಟ್ಟಿಯಾಗಿ ಓದಿದಳು. ಮೊದಲು ಒಳಗಿದ್ದ ಐವತ್ತು ಪೆಟ್ಟಿಗೆ ಹರಿದು ಹಾಯಿಸಿದೆವು. ಯಂತ್ರ ತುಟಿ ಬಿಚ್ಚಲಿಲ್ಲ. ಎರಡು ಗಂಟೆಗೆ ಲಾರಿ ಬಂತು. ಮೂರಕ್ಕೆ ಪಾಳಿ ಮುಗಿದರೂ ಯಾರೂ ಹೋಗಲಿಲ್ಲ. ಪ್ಯಾಕಿಂಗಿನ ಹೆಂಗಸರೆಲ್ಲ ಮನೆಗೆ ಫೋನು ಮಾಡಿ, ಅನ್ನಕ್ಕೆ ಇಡಲು ಗಂಡಂದಿರಿಗೆ ಪಾಠ ಹೇಳಿಕೊಟ್ಟು ಬಂದರು. "ನೀರು ಎಷ್ಟು ಅಂತ ಕೇಳ್ತಾರೆ ನಮ್ಮವ್ರು. ಇಪ್ಪತ್ತು ವರ್ಷ ತಿಂದಿದ್ದಾರೆ, ಒಂದಿನ ನೋಡಿಲ್ಲ" ಎಂದು ಒಬ್ಬಳು ನಗಿಸಿದಳು.

ಲಾರಿಯ ಅರವತ್ತೆರಡನೇ ಪೆಟ್ಟಿಗೆಯಲ್ಲಿ ಯಂತ್ರ ಕೂಗಿತು. ಗುಂಡಕ್ಕ ಬೀಗ ತೆಗೆದು ತಿರುಗಿಸಿದಳು. ಒಂದು ಚುಕ್ಕೆ. ಹೆಂಗಸರು ಚಪ್ಪಾಳೆ ತಟ್ಟಿದರು. ಅವಳು ಕೈಯೆತ್ತಿ ಸುಮ್ಮನಿರಿಸಿದಳು. "ಇನ್ನೊಂದಿದೆ."

ಎಂಬತ್ತೊಂಬತ್ತನೆಯ ಪೆಟ್ಟಿಗೆಯಲ್ಲಿ ಇನ್ನೊಂದು ಕೂಗು. ಸಾದಾ ಪ್ಯಾಕೆಟ್. ಬಿಳಿ ತಟ್ಟೆಯ ಮೇಲೆ ಬಿಸ್ಕತ್ತುಗಳನ್ನು ಒಂದೊಂದಾಗಿ ಮುರಿದಳು. ಐದನೆಯದು ಮುರಿದಾಗ ಒಳಗಿಂದ ಹೊಳೆಯುವ ತಂತಿಯ ಚೂರು ಇಣುಕಿತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ತುದಿ ಸೂಜಿಯಂತೆ ಚೂಪು.

ಗುಂಡಕ್ಕ ಅದನ್ನು ಚಿಮುಟದಲ್ಲಿ ಹಿಡಿದು ನೇರ ಹಿಟ್ಟಿನ ಕೋಣೆಗೆ ನಡೆದಳು. ಜರಡಿ ಬಿಚ್ಚಿಸಿದಳು. ಪಾಳಿ ಶುರುವಾದಾಗ ನೆಟ್ಟಗಿದ್ದ ಬಲೆಯ ಮೂಲೆಯಲ್ಲಿ, ಚೌಕಟ್ಟಿಗೆ ತಾಗುವ ಕಡೆ, ಒಂದು ಎಳೆ ಕಿತ್ತುಹೋಗಿತ್ತು. ಕಿತ್ತ ಜಾಗಕ್ಕೆ ತಂತಿಯನ್ನಿಟ್ಟು ನೋಡಿದಳು. ಈ ತುದಿ ಆ ತುದಿ ಸರಿಯಾಗಿ ಕೂತಿತು. ಒಂದು ಕೂದಲೆಳೆಯಷ್ಟೂ ಕಮ್ಮಿಯಿಲ್ಲ. ಭೂತಕನ್ನಡಿ ತರಿಸಿ ಇನ್ನೊಮ್ಮೆ ನೋಡಿದ ಮೇಲೆಯೇ, "ಪೂರ್ತಿ ಸಿಕ್ತು. ಬೇರೆ ಚೂರಿಲ್ಲ" ಎಂದಳು. ಆದರೂ ಉಳಿದ ಪೆಟ್ಟಿಗೆಗಳನ್ನು ಹಾಗೇ ಬಿಡಲಿಲ್ಲ. ನೂರ ಐವತ್ತೈದೂ ಮುಗಿಯುವ ಹೊತ್ತಿಗೆ ಸಂಜೆ ಆರು.

ಎಷ್ಟೋ ಜನ ಬುದ್ಧಿವಂತರನ್ನು ನೋಡಿದ್ದೇನೆ. ತಮ್ಮ ತಪ್ಪು ಎದುರಿಗೆ ಬಂದು ನಿಂತಾಗ ಬುದ್ಧಿಯನ್ನೆಲ್ಲ ಅದನ್ನು ಮುಚ್ಚುವುದಕ್ಕೆ ಖರ್ಚು ಮಾಡುತ್ತಾರೆ. ನಾನೂ ಅದೇ ಜಾತಿ. ಇವಳು ಅಷ್ಟೂ ಬುದ್ಧಿಯನ್ನು ಆ ತಪ್ಪು ಎಲ್ಲಿಂದ ಬಂತು, ಅದರ ಹಿಂದೆ ಇನ್ನೇನು ಬರುತ್ತಿದೆ ಎಂದು ನೋಡುವುದಕ್ಕೆ ಇಟ್ಟಳು. ಬಿಲ್ಲೆ ಬದಲಾಯಿಸಿ ಸುಮ್ಮನಿದ್ದಿದ್ದರೆ ತಂತಿಯ ವಿಷಯ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಶನಿವಾರ ಪಟ್ಟಿ ಬಂತು. ಗುಂಡಕ್ಕನ ಹೆಸರಿರಲಿಲ್ಲ. ನಾನು ಮ್ಯಾನೇಜರ ಬಳಿ ಹೋಗಿ ವಾದ ಮಾಡಿದೆ. "ನಿಯಮ ನಿಯಮವೇ ಅಂತ ಲಾರಿ ಕರೆಸಿದವಳು ಅವಳು. ಈಗ ಅವಳಿಗೇ ಅಂತ ನಿಯಮ ಸಡಿಲ ಮಾಡಿದ್ರೆ ಅವಳೇ ನನ್ನನ್ನ ಬಾಗಿಲಲ್ಲಿ ನಿಲ್ಲಿಸ್ತಾಳೆ ಕಣ್ರೀ" ಎಂದರು. ಅವಳಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಟೋಪಿಯ ದಾರ ಎಳೆಯುತ್ತಾ ನಿಂತಿದ್ದಳು. "ಅತ್ತೆಗೆ ನಾನೇ ಹೇಳ್ತೀನಿ. ಆರು ತಿಂಗಳು ತಾನೇ" ಎಂದಳು.

ಆಮೇಲೆ ಆದದ್ದಿಷ್ಟು. ಅವಳು ಕಾಯಂ ಆಗಲು ಆರು ತಿಂಗಳು ತಡವಾಯಿತು. ಅಷ್ಟರಲ್ಲಿ ಅತ್ತೆಯ ಎಡಗಣ್ಣು ಕೈಮೀರಿತು. ಆಪರೇಶನ್ ಆಗಿ ಬಲಗಣ್ಣು ಮಾತ್ರ ಬಂತು. ನನ್ನ ಆ ವರ್ಷದ ಇನಾಮು ಹೋಯಿತು. ಕಂಪನಿಗೆ ಏಳು ಗಂಟೆಯ ಮಾಲು, ಒಂದು ದಿನದ ಲಾರಿ, ಒಂದು ಜರಡಿ ನಷ್ಟ. ವೇಗದ ತಿರುಪಿಗೆ ಬೀಗ ಬಿತ್ತು. ಅದರ ಕೀಲಿ ಗುಂಡಕ್ಕನ ಹತ್ತಿರ ಇದೆ, ಬೇಕೆಂದರೆ ನಾನೂ ಅವಳನ್ನು ಕೇಳಬೇಕು. ತಂತಿ ಇದ್ದ ಆ ಬಿಸ್ಕತ್ತನ್ನು ಯಾವ ಮಗುವೂ ತಿನ್ನಲಿಲ್ಲ.